ರಕ್ತದ ಚೀಟಿ ಮತ್ತು ಹಸಿ ಹಾಲು

ಹಾಲು ಕಾಯಿಸಿ ಕುಡಿಯುವುದು ತಿಳಿಯದವರ ಕೆಲಸ ಎಂಬ ಹೊಸ ಉಪದೇಶವೊಂದು ಈಚೀಚೆಗೆ ನಮ್ಮ ಪಟ್ಟಣಗಳಲ್ಲಿ ಸುತ್ತಾಡುತ್ತಿದೆ. ಕಾಯಿಸಿದರೆ ಸತ್ವವೆಲ್ಲ ಹಾರಿಹೋಗುತ್ತದಂತೆ. ಕರೆದ ಬಿಸಿಯಲ್ಲೇ, ನೊರೆ ಆರುವ ಮುಂಚೆ ಗಂಟಲಿಗಿಳಿಸಿದರೆ ಅಮೃತವಂತೆ. ಹೀಗೆ ಹೇಳುವವರು ಓದುಬರಹ ಬಾರದವರಲ್ಲ. ಕಾರಿಟ್ಟುಕೊಂಡವರು, ಗಾಜಿನ ಬಾಟಲಿಯ ಮೇಲೆ ಹಸುವಿನ ಚಿತ್ರ ಅಂಟಿಸಿ ಡೈರಿಯ ದರಕ್ಕೆ ಎರಡು ಪಟ್ಟು ಬೆಲೆ ಕಟ್ಟುವವರು. ಕೊಡಗಿನಲ್ಲಂತೂ ಇದು ಹೋಂ ಸ್ಟೇಗಳ ಕಾಲ. ಬೆಂಗಳೂರಿನಿಂದ ಬಂದ ಮಕ್ಕಳನ್ನು ಬೆಳಿಗ್ಗೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಕೈಗೆ ನೊರೆಹಾಲಿನ ಲೋಟ ಕೊಟ್ಟು ಫೋಟೋ ಹಿಡಿಯುವುದೂ ಈಗ ಸತ್ಕಾರದ ಒಂದು ಭಾಗ. ಕಾಯಿಸಿ ಕೊಡಬಾರದೇ ಎಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: "ನಮ್ಮ ಹಸುಗಳಿಗೆಲ್ಲ ಬ್ಲಡ್ ಟೆಸ್ಟ್ ಆಗಿದೆ."

ನನ್ನ ತಕರಾರು ಈ ಕಡೆಯ ಮಾತಿನ ಮೇಲೆ. ಹಸಿ ಹಾಲಿನ ಹುಚ್ಚು ಇಂದು ಬಂದು ನಾಳೆ ಹೋಗಬಹುದು. ಆದರೆ ಹಸುವಿನ ರಕ್ತ ತೆಗೆದು ಬರೆದುಕೊಟ್ಟ ಒಂದು ಚೀಟಿ ಸಕಲ ರೋಗಗಳಿಗೂ ಜಾಮೀನು ಎಂಬ ನಂಬಿಕೆ ಹಾಗೆ ಹೋಗುವಂಥದ್ದಲ್ಲ. ಅದು ಹಾಲು ಕೊಳ್ಳುವವಳನ್ನೂ ಕೆಡಿಸುತ್ತದೆ, ಹಸು ಕೊಳ್ಳುವವಳನ್ನೂ ಕೆಡಿಸುತ್ತದೆ. ಅದರಲ್ಲೂ ಕ್ಷಯದ ವಿಷಯದಲ್ಲಿ.

ಹಸುವಿಗೂ ಕ್ಷಯ ಬರುತ್ತದೆಯೇ ಎಂದು ಕೇಳುವವರು ಪಟ್ಟಣದಲ್ಲಿ ಬಹಳ ಮಂದಿ. ಬರುತ್ತದೆ. ಕ್ಷಯದ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕೋಕ್ ಮೊದಲು ಮನುಷ್ಯರ ಕ್ಷಯ, ದನದ ಕ್ಷಯ ಎರಡೂ ಒಂದೇ ಎಂದುಕೊಂಡಿದ್ದ. 1898ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಇವೆರಡೂ ಅಕ್ಕತಂಗಿಯರಂಥ ಬೇರೆಬೇರೆ ರೋಗಾಣುಗಳು ಎಂದು ತೋರಿಸಿದ. ಆಗ ಕೋಕ್ ಇನ್ನೊಂದು ತುದಿಗೆ ಹಾರಿದ. 1901ರಲ್ಲಿ ಲಂಡನ್ನಿನ ಸಭೆಯಲ್ಲಿ ನಿಂತು, ದನದ ಕ್ಷಯದಿಂದ ಮನುಷ್ಯರಿಗೆ ಅಂಥ ಅಪಾಯವೇನಿಲ್ಲ, ಅದನ್ನು ತಡೆಯಲು ಕ್ರಮವೇ ಬೇಡ ಎಂದುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಹೇಳಿದ ಮಾತು ಸುಳ್ಳೆಂದು ಸ್ಥಾಪಿಸಲು ಬ್ರಿಟನ್ನಿನ ರಾಯಲ್ ಕಮಿಷನ್ನಿಗೆ ಹತ್ತು ವರ್ಷ ಬೇಕಾಯಿತು. 1911ರ ಅದರ ಕೊನೆಯ ವರದಿ, ಹಾಲಿನ ಮೂಲಕ ಈ ರೋಗ ಮನುಷ್ಯರಿಗೆ, ಹೆಚ್ಚಾಗಿ ಮಕ್ಕಳಿಗೆ, ದಾಟುತ್ತದೆ ಎಂದು ಖಚಿತಪಡಿಸಿತು. ಹಾಲಿನಿಂದ ಬಂದ ಕ್ಷಯ ಬಹಳ ಸಲ ಕೆಮ್ಮಾಗಿ ಕಾಣಿಸಿಕೊಳ್ಳುವುದೂ ಇಲ್ಲ. ಕತ್ತಿನ ಗ್ರಂಥಿಗಳಲ್ಲಿ, ಕರುಳಿನಲ್ಲಿ, ಮೂಳೆಯಲ್ಲಿ ಕೂರುತ್ತದೆ. ನಮ್ಮ ಅಜ್ಜಿಯಂದಿರು ಗಂಡಮಾಲೆ ಎನ್ನುತ್ತಿದ್ದುದರಲ್ಲಿ ಇದೂ ಒಂದಿಷ್ಟು ಇದ್ದೀತು.

ನಮ್ಮ ದೇಶದ ಲೆಕ್ಕವೇನು? ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ದನ ಎಮ್ಮೆಗಳಲ್ಲಿ ನೂರಕ್ಕೆ ಏಳಕ್ಕೂ ತುಸು ಮೇಲೆ, ಅಂದರೆ ಎರಡು ಕೋಟಿಗೂ ಹೆಚ್ಚು ಪ್ರಾಣಿಗಳಿಗೆ ಈ ಸೋಂಕು ಇದೆ. ಹೆದರಿಸಲು ಹೇಳುತ್ತಿಲ್ಲ. ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೂಡಿಟ್ಟಿದ್ದ ಒಂಬೈನೂರಕ್ಕೂ ಹೆಚ್ಚು ಕ್ಷಯರೋಗಿಗಳ ಮಾದರಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದವರಿಗೆ, ದನದ ಬಳಗದ ರೋಗಾಣು ಸಿಕ್ಕಿದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಅದೂ ಪಾಶ್ಚಾತ್ಯರು ಹೇಳುವ ಬೋವಿಸ್ ಅಲ್ಲ, ಒರಿಗಿಸ್ ಎಂಬ ಅದರ ದಾಯಾದಿ. ಹಾಗಾದರೆ ಎರಡು ಕೋಟಿ ದನಗಳ ಸೋಂಕು ನಮ್ಮ ಮಕ್ಕಳಿಗೆ ಆ ಪ್ರಮಾಣದಲ್ಲಿ ದಾಟಲಿಲ್ಲ ಏಕೆ? ಮುಖ್ಯ ಕಾರಣಗಳಲ್ಲಿ ಒಂದು ನಮ್ಮ ಒಲೆಯ ಮೇಲಿದೆ. ಈ ದೇಶದ ಹೆಂಗಸು ಬೆಳಗಾಗೆದ್ದು ಹಾಲು ಉಕ್ಕಿಸುತ್ತಾಳೆ, ಸಂಜೆ ಮತ್ತೆ ಉಕ್ಕಿಸುತ್ತಾಳೆ. ಅರವತ್ಮೂರು ಡಿಗ್ರಿಯಲ್ಲಿ ಅರ್ಧ ಗಂಟೆ, ಇಲ್ಲವೆ ಎಪ್ಪತ್ತೆರಡು ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಇಟ್ಟರೆ ಈ ರೋಗಾಣು ಸಾಯುತ್ತದೆ ಎಂಬುದು ಡೈರಿಯ ಲೆಕ್ಕ. ಉಕ್ಕಿ ಬಂದ ಹಾಲು ಆ ಎರಡು ಲೆಕ್ಕವನ್ನೂ ಮೀರಿದ್ದು. ಯಾವ ಇಲಾಖೆಯ ವರದಿಯಲ್ಲೂ ಈ ಕೆಲಸಕ್ಕೆ ಒಂದು ಸಾಲಿಲ್ಲ. ಈಗ ಅದನ್ನೂ ಬಿಟ್ಟುಬಿಡಿ ಎಂದು ಬುದ್ಧಿ ಹೇಳಲು ಬಂದಿದ್ದಾರೆ. ಕೈಯಲ್ಲಿ ಒಂದು ಚೀಟಿ.

ಚೀಟಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದ ಒಬ್ಬ ಅತ್ತಿಗೆ ಕೆಲವು ವರ್ಷಗಳ ಹಿಂದೆ ಒಂದು ಸೀಮೆಹಸು ಕೊಂಡರು. ಎರಡನೆಯ ಕರು ಹಾಕಿದ ಹಸು, ಹೊತ್ತಿಗೆ ಏಳು ಲೀಟರು. ತಂದವನು ದನದ ದಲ್ಲಾಳಿ. "ಅಕ್ಕಾ, ನೀವೇನೂ ಹೆದರಬೇಡಿ, ರಕ್ತ ತೆಗೆಸಿ ನೋಡಿಸಿದ್ದೇನೆ, ಇಗೊಳ್ಳಿ" ಎಂದು ನಾಲ್ಕು ಮಡಿಕೆಯ ಕಾಗದ ಕೊಟ್ಟ. ಅತ್ತಿಗೆ ಅದನ್ನು ದೇವರ ಕೋಣೆಯ ಪಂಚಾಂಗದೊಳಗೆ ಇಟ್ಟರು. ಮೂರು ತಿಂಗಳಲ್ಲಿ ಹಸು ಬಡಕಲಾಯಿತು, ಬೆಳಗಿನ ಚಳಿಗೆ ಕೆಮ್ಮತೊಡಗಿತು. ಆಗ ಪಂಚಾಂಗದಿಂದ ಕಾಗದ ಹೊರಬಂತು. ಓದಿ ನೋಡಿದರೆ ಅದರಲ್ಲಿ ಕ್ಷಯ ಎಂಬ ಪದವೇ ಇಲ್ಲ. ಅದು ಬ್ರುಸೆಲ್ಲಾ ಪರೀಕ್ಷೆ, ಅಂದರೆ ಹಸು ಕಂದು ಹಾಕುವ ರೋಗದ್ದು. ದಲ್ಲಾಳಿ ಸುಳ್ಳು ಹೇಳಿರಲಿಲ್ಲ. ರಕ್ತ ತೆಗೆಸಿದ್ದ, ನೋಡಿಸಿದ್ದ. ಯಾವುದಕ್ಕೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಸರಿ, ಕ್ಷಯಕ್ಕೇ ರಕ್ತ ಪರೀಕ್ಷೆ ಮಾಡಿಸಿದ ಚೀಟಿ ತಂದಿದ್ದರೆ? ಆಗಲೂ ನಾನು ಅದನ್ನು ನಂಬಿ ಹಸು ಕೊಳ್ಳಿ ಎನ್ನಲಾರೆ. ಏಕೆಂದು ತಿಳಿಯಲು ಸ್ವಲ್ಪ ಒಳಗೆ ಇಳಿಯಬೇಕು.

ರೋಗಾಣು ಒಳನುಗ್ಗಿದಾಗ ದೇಹ ಎರಡು ಬಗೆಯ ಕಾವಲನ್ನು ಎಬ್ಬಿಸುತ್ತದೆ. ಒಂದು ಪ್ರತಿಕಾಯ. ರಕ್ತದಲ್ಲಿ ತೇಲುತ್ತಾ, ಕಂಡ ಶತ್ರುವಿಗೆ ಅಂಟಿಕೊಳ್ಳುವ ವಸ್ತು. ಇನ್ನೊಂದು ಜೀವಕೋಶಗಳ ಪಡೆ, ತಾವೇ ಹೋಗಿ ಮುತ್ತಿಗೆ ಹಾಕುವಂಥವು. ಕಂದು ಹಾಕುವ ರೋಗದಲ್ಲಿ ಪ್ರತಿಕಾಯ ಚೆನ್ನಾಗಿ ಏಳುತ್ತದೆ. ಆದ್ದರಿಂದ ರಕ್ತದಲ್ಲಿ, ಹಾಲಿನಲ್ಲಿ ಸಹ ಅದನ್ನು ಹಿಡಿಯಬಹುದು. ಮನುಷ್ಯರ ಎಚ್‌ಐವಿ ಪರೀಕ್ಷೆಯೂ ಬಹುಮಟ್ಟಿಗೆ ಇದೇ ದಾರಿ. ಆದರೆ ಕ್ಷಯದ ರೋಗಾಣು ಬಲು ಕಿಲಾಡಿ. ಅದು ರಕ್ತದಲ್ಲಿ ತೇಲುತ್ತಾ ಕೂರುವುದಿಲ್ಲ. ತನ್ನನ್ನು ನುಂಗಲು ಬಂದ ಜೀವಕೋಶದ ಹೊಟ್ಟೆಯೊಳಗೇ ಮನೆ ಮಾಡಿಕೊಳ್ಳುತ್ತದೆ. ಮನೆಯೊಳಗಿನ ಕಳ್ಳನನ್ನು ಬೀದಿಯ ಪೊಲೀಸ್ ಹಿಡಿಯುವುದು ಹೇಗೆ? ಹಾಗಾಗಿ ದೇಹ ಮೊದಲು ಜೀವಕೋಶಗಳ ಪಡೆಯನ್ನೇ ನಿಲ್ಲಿಸುತ್ತದೆ. ಪ್ರತಿಕಾಯ ಏಳುವುದು ತಡವಾಗಿ. ರೋಗ ಬಲಿತು, ಗಂಟುಗಳು ಹರಡಿ, ರೋಗಾಣುಗಳ ಸಂಖ್ಯೆ ಮಿತಿಮೀರಿದ ಮೇಲೆ. ಎಷ್ಟೋ ಸೋಂಕಿನ ಹಸುಗಳಲ್ಲಿ ತಿಂಗಳುಗಟ್ಟಲೆ ರಕ್ತದ ಪ್ರತಿಕಾಯ ಪರೀಕ್ಷೆ ಇಲ್ಲ ಎಂದೇ ಹೇಳುತ್ತದೆ. ಚೀಟಿಯಲ್ಲಿ 'ನೆಗೆಟಿವ್' ಎಂದಿದ್ದರೆ ಅದರ ಅರ್ಥ ರೋಗವಿಲ್ಲ ಎಂದಲ್ಲ. ಪ್ರತಿಕಾಯ ಇನ್ನೂ ಎದ್ದಿಲ್ಲ ಎಂದಷ್ಟೇ ಇರಬಹುದು.

ಈ ಮೋಸಕ್ಕೆ ನಾವು ಒಮ್ಮೆ ಸಿಕ್ಕಿಬಿದ್ದದ್ದು ಉಂಟು, ಹಸುಗಳ ವಿಷಯದಲ್ಲಲ್ಲ, ನಮ್ಮದೇ ವಿಷಯದಲ್ಲಿ. ಎರಡು ವಾರ ಕೆಮ್ಮಿದವರನ್ನು, ಸಣ್ಣ ಜ್ವರ ಬಿಡದವರನ್ನು, ಮಕ್ಕಳಾಗಲಿಲ್ಲವೆಂದು ಡಾಕ್ಟರಲ್ಲಿಗೆ ಹೋದ ಹೆಂಗಸನ್ನು ಸಹ, 'ಟಿಬಿಗೆ ರಕ್ತ ಕೊಟ್ಟು ಬನ್ನಿ' ಎಂದು ಲ್ಯಾಬಿಗೆ ಕಳಿಸುವ ಕಾಲವೊಂದಿತ್ತು. ವರ್ಷಕ್ಕೆ ಅಂದಾಜು ಹದಿನೈದು ಲಕ್ಷ ಇಂಥ ಪರೀಕ್ಷೆಗಳು ಭಾರತದಲ್ಲಿ ನಡೆಯುತ್ತಿದ್ದವು. ಇಲ್ಲದ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಿದವರು ಎಷ್ಟೋ, ಇದ್ದ ಕ್ಷಯ ಚೀಟಿಯಲ್ಲಿ ಕಾಣದೆ ಮನೆಮಂದಿಗೆಲ್ಲ ಹಂಚಿದವರು ಎಷ್ಟೋ. 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ಪ್ರತಿಕಾಯ ಪರೀಕ್ಷೆಗಳನ್ನು ಕ್ಷಯದ ನಿರ್ಣಯಕ್ಕೆ ಬಳಸಲೇಬೇಡಿ ಎಂದು ಸಾರಿತು. ಇದನ್ನು ಮಾಡಿ, ಅದನ್ನು ಮಾಡಿ ಎಂದು ಹೇಳುವುದೇ ರೂಢಿಯಾಗಿದ್ದ ಸಂಸ್ಥೆ ಕ್ಷಯದಲ್ಲಿ 'ಮಾಡಬೇಡಿ' ಎಂದು ಹೇಳಿದ್ದು ಅದೇ ಮೊದಲು. ಮರುವರ್ಷ, 2012ರ ಜೂನ್‌ನಲ್ಲಿ, ಭಾರತ ಸರ್ಕಾರ ಆ ಕಿಟ್ಟುಗಳ ತಯಾರಿಕೆ, ಆಮದು, ಮಾರಾಟವನ್ನೇ ನಿಷೇಧಿಸಿತು. ಮನುಷ್ಯರಿಗೆ ಬೇಡವೆಂದು ಕಾನೂನು ಮಾಡಿ ಬಿಸಾಡಿದ ಭರವಸೆಯನ್ನೇ ಹಸುವಿನ ಕೊರಳಿಗೆ ಕಟ್ಟಿ ನಮಗೆ ಮಾರುವುದು ಯಾವ ನ್ಯಾಯ?

ಪ್ರತಿಕಾಯ ಪರೀಕ್ಷೆ ಎಲ್ಲೆಲ್ಲೂ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಅದೂ ಇನ್ನೊಂದು ಬಗೆಯ ಸುಳ್ಳಾಗುತ್ತದೆ. ದುಬಾರೆಯಲ್ಲಿ ಸಾಕಾನೆಗಳು ಹೊಳೆಯಲ್ಲಿ ಮೀಯುವುದನ್ನು ನೋಡದ ಕೊಡಗಿನವರಿಲ್ಲ. ಆನೆಗೂ ಕ್ಷಯ ಬರುತ್ತದೆ. ಬಹಳ ಸಲ ಮನುಷ್ಯರಿಂದಲೇ ಅಂಟುತ್ತದೆ. ಆನೆಯ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ನೆಚ್ಚುವಂಥದ್ದಲ್ಲ. ಸೊಂಡಿಲಿಗೆ ನೀರು ಹಾಕಿ, ಆ ನೀರನ್ನು ಹಿಡಿದು, ವಾರಗಟ್ಟಲೆ ರೋಗಾಣು ಬೆಳೆಸಿ ನೋಡಬೇಕು. ಹಾಗೆ ನೋಡಿದರೂ ಸಿಗದೇ ಹೋಗಬಹುದು. ಆದರೆ ಆನೆಯ ದೇಹ ಕ್ಷಯಕ್ಕೆ ಪ್ರತಿಕಾಯವನ್ನು ಬೇಗನೆ, ಧಾರಾಳವಾಗಿ ಎಬ್ಬಿಸುತ್ತದೆ. ಆದ್ದರಿಂದ ಅಲ್ಲಿ ಒಂದು ಹನಿ ರಕ್ತದ ಪರೀಕ್ಷೆಗೆ ಬೆಲೆಯುಂಟು. ದಕ್ಷಿಣ ಭಾರತದ ಸಾಕಾನೆಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಆನೆಗೆ ಒಪ್ಪಿದ್ದು ಹಸುವಿಗೆ ಒಪ್ಪುವುದಿಲ್ಲ, ಅಷ್ಟೇ. ಅತ್ತೆಗೆ ಕೊಟ್ಟ ಕಷಾಯವನ್ನೇ ಹಸುಗೂಸಿಗೆ ಕೊಡುತ್ತೇವೆಯೇ?

ಹಸುವಿನಲ್ಲೂ ಅದಕ್ಕೊಂದು ಸಣ್ಣ ಜಾಗವುಂಟು. ರೋಗ ತೀರಾ ಬಲಿತ ಹಸುವಿನಲ್ಲಿ ಜೀವಕೋಶಗಳ ಪಡೆ ಸುಸ್ತಾಗಿ ಕೈಚೆಲ್ಲಿರುತ್ತದೆ. ಅಂಥದ್ದು ಚರ್ಮದ ಪರೀಕ್ಷೆಯಲ್ಲಿ ಜಾರಿಕೊಳ್ಳುತ್ತದೆ, ಪ್ರತಿಕಾಯದಲ್ಲಿ ಸಿಕ್ಕಿಬೀಳುತ್ತದೆ. ಕೊಟ್ಟಿಗೆಯಲ್ಲಿ ಅತಿ ಹೆಚ್ಚು ರೋಗ ಹಂಚುವುದೂ ಆ ಹಸುವೇ. ಚರ್ಮಕ್ಕೆ ಚುಚ್ಚಿದ ಮದ್ದೇ ಸೋಂಕಿರುವ ಹಸುವಿನ ಪ್ರತಿಕಾಯವನ್ನು ಬಡಿದೆಬ್ಬಿಸುವುದರಿಂದ, ಚುಚ್ಚಿ ಕೆಲವು ವಾರ ಬಿಟ್ಟು ರಕ್ತ ತೆಗೆದರೆ ಇನ್ನೂ ಕೆಲವು ಸಿಗುತ್ತವೆ. ಅಂದರೆ ರಕ್ತ ಪರೀಕ್ಷೆ ಚರ್ಮದ ಪರೀಕ್ಷೆಗೆ ಓರಗಿತ್ತಿ. ಅದರ ಜಾಗದಲ್ಲಿ ಇದನ್ನು ಕೂರಿಸಲಾಗದು.

ಆ ಚರ್ಮದ ಪರೀಕ್ಷೆ ಎಂದರೇನು? ಹೆಸರು ಟ್ಯೂಬರ್‌ಕ್ಯುಲಿನ್ ಪರೀಕ್ಷೆ. ಅದರ ಮೂಲವಸ್ತು ಕೋಕ್ 1890ರಲ್ಲಿ ಕ್ಷಯಕ್ಕೆ ಔಷಧಿ ಎಂದು ಪ್ರಕಟಿಸಿದ್ದು. ಔಷಧಿಯಾಗಿ ಸೋತಿತು, ಪರೀಕ್ಷೆಯಾಗಿ ಉಳಿಯಿತು. ಹಸುವಿನ ಕುತ್ತಿಗೆಯ ಕೂದಲು ಬೋಳಿಸಿ, ಚರ್ಮದ ದಪ್ಪ ಅಳೆದು, ಒಂದು ಕಡೆ ದನದ ಟ್ಯೂಬರ್‌ಕ್ಯುಲಿನ್, ಇನ್ನೊಂದು ಕಡೆ ಹಕ್ಕಿಯ ಟ್ಯೂಬರ್‌ಕ್ಯುಲಿನ್ ಚುಚ್ಚುತ್ತಾರೆ. ಎಪ್ಪತ್ತೆರಡು ಗಂಟೆ ಕಳೆದ ಮೇಲೆ ಮತ್ತೆ ಬಂದು ಅಳೆಯುತ್ತಾರೆ. ಹಕ್ಕಿಯದು ಏಕೆಂದರೆ ಮಣ್ಣಿನಲ್ಲಿ, ನೀರಿನಲ್ಲಿ ಕ್ಷಯದ ದೂರದ ನೆಂಟರು ಬಹಳ. ಹಸುಗಳ ಜೋನ್ಸ್ ರೋಗದ ರೋಗಾಣುವೂ ಅದೇ ಬಳಗ. ಆ ನೆಂಟರನ್ನು ಕಂಡು ಚರ್ಮ ಊದಿತೋ, ನಿಜವಾದ ಕಳ್ಳನನ್ನು ಕಂಡು ಊದಿತೋ ಎಂದು ಹೋಲಿಸಿ ನೋಡಬೇಕು. ಪರೀಕ್ಷೆ ಪರಿಪೂರ್ಣವೇನಲ್ಲ. ಆಗತಾನೆ ಕರು ಹಾಕಿದ ಹಸುವಿನಲ್ಲಿ ತಪ್ಪಬಹುದು. ಆದರೂ ನೂರು ವರ್ಷಕ್ಕೂ ಮೇಲೆ ಲೋಕವೆಲ್ಲ ನೆಚ್ಚಿಕೊಂಡಿರುವುದು ಇದನ್ನೇ. 1980ರ ದಶಕದ ಕೊನೆಗೆ ಆಸ್ಟ್ರೇಲಿಯಾದವರು ಗಾಮಾ ಇಂಟರ್‌ಫೆರಾನ್ ಎಂಬ ಇನ್ನೊಂದು ರಕ್ತ ಪರೀಕ್ಷೆ ಕಂಡುಹಿಡಿದರು. ಅದು ನೋಡುವುದು ಪ್ರತಿಕಾಯವನ್ನಲ್ಲ, ಜೀವಕೋಶಗಳ ಪಡೆಯನ್ನು. ಆದ್ದರಿಂದ ಬೇಗ ಹಿಡಿಯುತ್ತದೆ. ಆದರೆ ತೆಗೆದ ರಕ್ತ ಬಿಸಿಯಾರುವ ಮೊದಲೇ ಎಂಬಂತೆ ಲ್ಯಾಬು ಸೇರಬೇಕು, ಜೀವಕೋಶಗಳು ಬದುಕಿರಬೇಕು. ಜುಲೈ ಮಳೆಯಲ್ಲಿ ಭಾಗಮಂಡಲದ ಕೊಟ್ಟಿಗೆಯಿಂದ ಬೆಂಗಳೂರಿಗೆ ಅದನ್ನು ಮುಟ್ಟಿಸುವವರು ಯಾರು?

ಚರ್ಮದ ಪರೀಕ್ಷೆಯ ಕಷ್ಟವೆಲ್ಲ ಆ ಮೂರನೆಯ ದಿನದಲ್ಲಿದೆ. ಪಶುವೈದ್ಯರು ಎರಡು ಸಲ ಬರಬೇಕು. ತೋಟದ ದಾರಿ, ಮಳೆ, ಒಬ್ಬ ಡಾಕ್ಟರಿಗೆ ಹತ್ತಾರು ಊರು. ಮೊದಲ ದಿನ ಚುಚ್ಚಿ ಹೋದವರು ಮೂರನೆಯ ದಿನ ಬಂದು ಅಳೆಯದಿದ್ದರೆ ಪರೀಕ್ಷೆ ಆಗಲೇ ಇಲ್ಲ ಎಂದು ಲೆಕ್ಕ. ಒಂದು ಸಲ ಬಂದು ರಕ್ತ ತೆಗೆದುಕೊಂಡು ಹೋಗುವುದು ಎಲ್ಲರಿಗೂ ಸುಲಭ. ಆ ಸುಲಭಕ್ಕೆ ಮನಸ್ಸು ಹಾರುವುದು ಸಹಜವೇ. ಆದರೆ ಸುಲಭವಾದದ್ದನ್ನೆಲ್ಲ ಸರಿ ಎಂದು ನಮ್ಮ ಮೇಲೆ ಹೇರಬಾರದು.

ಇಲ್ಲೊಂದು ತಮಾಷೆಯುಂಟು, ಗಮನಿಸಿ. ಕೃತಕ ಗರ್ಭಧಾರಣೆಗೆ ವೀರ್ಯ ಕೊಡುವ ಹೋರಿಗಳನ್ನು ಸಾಕುವ ಕೇಂದ್ರಗಳಲ್ಲಿ, ಪ್ರತಿಯೊಂದು ಹೋರಿಗೂ ಕ್ಷಯದ ಚರ್ಮ ಪರೀಕ್ಷೆ ನಿಗದಿಯಾಗಿ ನಡೆಯಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹೋರಿಗೆ ಅಲ್ಲಿ ಜಾಗವಿಲ್ಲ. ಒಳ್ಳೆಯದೇ. ಆದರೆ ಆ ಹೋರಿಯ ಕರುಗಳನ್ನು ಹೆತ್ತು, ಹತ್ತು ವರ್ಷ ಹಾಲು ಕೊಟ್ಟು, ಒಂದು ಸಂಸಾರ ನಡೆಸುವ ಹಸುವಿಗೆ ಅಂಥ ನಿಯಮವಿಲ್ಲ. ಹೋರಿಗೊಂದು ನ್ಯಾಯ, ಹಸುವಿಗೊಂದು ನ್ಯಾಯ. ಹೆಂಗಸರಿಗೆ ಇದು ಹೊಸ ವಿಷಯವೇನಲ್ಲ ಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ, 'ಹಾಗಾದರೆ ಎಲ್ಲ ಹಸುಗಳಿಗೂ ಚರ್ಮದ ಪರೀಕ್ಷೆ ಮಾಡಿಸಿಬಿಡಿ' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ನಾನು ಹಾಗೆ ಬರೆಯಲಾರೆ. ಪರೀಕ್ಷೆ ಮಾಡಿಸಿ ಆಮೇಲೆ? ಕುತ್ತಿಗೆ ಊದಿತು, ಕ್ಷಯ ಇದೆ ಎಂದು ಡಾಕ್ಟರು ಹೇಳಿದರು. ಆಮೇಲೆ ಆ ಮನೆಯವಳು ಏನು ಮಾಡಬೇಕು?

ಹಸುವಿನ ಕ್ಷಯಕ್ಕೆ ಚಿಕಿತ್ಸೆ ಕೊಡುವ ರೂಢಿ ಎಲ್ಲೂ ಇಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆಂದು 2009ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿ ದನದ ಕ್ಷಯವೂ ಸೇರಿದೆ. ಪಟ್ಟಿಯ ರೋಗ ಕಂಡರೆ ಸಾಕಿದವರು ತಿಳಿಸಬೇಕು ಎನ್ನುತ್ತದೆ ಕಾಯ್ದೆ. ತಿಳಿಸಿದವಳ ಹಸುವಿನ ಬೆಲೆ ಕೊಡುವವರು ಯಾರು? 2019ರಲ್ಲಿ 13,343 ಕೋಟಿ ರೂಪಾಯಿಯ ದೊಡ್ಡ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದು ಕಾಲುಬಾಯಿ ಜ್ವರಕ್ಕೆ ಮತ್ತು ಕಂದು ಹಾಕುವ ರೋಗಕ್ಕೆ. ಕ್ಷಯ ಅದರಲ್ಲಿಲ್ಲ. ಹೊರದೇಶಗಳಲ್ಲಿ ಸಿಕ್ಕಿಬಿದ್ದ ಹಸುವನ್ನು ಕಡಿದು ರೋಗ ತೊಲಗಿಸಿದರು. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು ಹಸುವಿನ ಹತ್ಯೆಯನ್ನು ನಿಷೇಧಿಸಿದೆ. ಆ ಕಾನೂನಿನ ಸರಿತಪ್ಪಿನ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಅಂಥ ಕಾನೂನು ಮಾಡಿದ ಮೇಲೆ ರೋಗದ ಹಸುವನ್ನು ಎಲ್ಲಿಡಬೇಕು ಎಂದು ಹೇಳುವ ಹೊಣೆಯೂ ಸರ್ಕಾರದ್ದೇ ಎಂದಷ್ಟೇ ಹೇಳುತ್ತೇನೆ.

ಯಾರೂ ಹೇಳದಿದ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಸು ಕೊಳ್ಳಲು ಮಾಡಿದ ಸಾಲ ತೀರಿರುವುದಿಲ್ಲ. ಗಂಡ ದಲ್ಲಾಳಿಗೆ ಹೇಳಿ ಕಳಿಸುತ್ತಾನೆ. ಹಸು ಒಂದು ರಾತ್ರಿ ವ್ಯಾನು ಹತ್ತುತ್ತದೆ. ಸಂತೆಗೋ, ಜಾತ್ರೆಗೋ, ಗಡಿಯಾಚೆಗೋ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ ರಾಸಿನ ಮುಖದಲ್ಲಿ ಅದರ ಕುತ್ತಿಗೆ ಊದಿದ ಕಥೆ ಬರೆದಿರುವುದಿಲ್ಲ. ಪರಿಹಾರವಿಲ್ಲದ ಪರೀಕ್ಷೆ ರೋಗವನ್ನು ತಡೆಯುವುದಿಲ್ಲ. ಒಬ್ಬಳ ಕೊಟ್ಟಿಗೆಯಿಂದ ಇನ್ನೊಬ್ಬಳ ಕೊಟ್ಟಿಗೆಗೆ ಸಾಗಹಾಕುತ್ತದೆ. ಈ ವಿಷಯದಲ್ಲಿ ನಮ್ಮವರೇ ಕೆಟ್ಟವರು ಎಂದೇನಿಲ್ಲ. ಅಮೆರಿಕದಲ್ಲಿ 1917ರಿಂದ ಪರಿಹಾರ ಕೊಟ್ಟು ಹಸುಗಳನ್ನು ತೆಗೆಯುವ ಯೋಜನೆ ಇದ್ದರೂ, ಬೆಲೆಗಳು ನೆಲಕಚ್ಚಿದ್ದ 1931ರಲ್ಲಿ ಅಯೋವಾ ರಾಜ್ಯದ ರೈತರು ಪರೀಕ್ಷೆಗೆ ಬಂದ ಪಶುವೈದ್ಯರನ್ನೇ ಅಟ್ಟಿದರು. ರಾಜ್ಯಪಾಲರು ಸೈನಿಕರನ್ನು ಕಳಿಸಿ ಹಸುಗಳ ಪರೀಕ್ಷೆ ಮಾಡಿಸಬೇಕಾಯಿತು. 'ಹಸುವಿನ ಯುದ್ಧ' ಎಂದೇ ಅದಕ್ಕೆ ಹೆಸರು.

ಕಡಿಯದೆ ಉಳಿಸುವ ದಾರಿಯೂ ಲೋಕಕ್ಕೆ ಗೊತ್ತಿಲ್ಲದ್ದಲ್ಲ. ಡೆನ್ಮಾರ್ಕಿನ ಬರ್ನಾರ್ಡ್ ಬಾಂಗ್ ಎಂಬ ಪಶುವೈದ್ಯ 1890ರ ದಶಕದಲ್ಲೇ ಮಾಡಿ ತೋರಿಸಿದ್ದ. ಟ್ಯೂಬರ್‌ಕ್ಯುಲಿನ್ ಚುಚ್ಚಿ ನೋಡುವುದು, ಊದಿದವನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟುವುದು, ಅವುಗಳ ಹಾಲನ್ನು ಕಾಯಿಸಿಯೇ ಬಳಸುವುದು, ಹುಟ್ಟಿದ ಕರುವನ್ನು ಕೂಡಲೇ ಬೇರ್ಪಡಿಸಿ ಆರೋಗ್ಯದ ಹಸುವಿನ ಹಾಲಿನಲ್ಲೋ ಕಾಯಿಸಿದ ಹಾಲಿನಲ್ಲೋ ಸಾಕುವುದು. ಹೀಗೆ ಒಂದು ತಲೆಮಾರಿನಲ್ಲಿ ಹಿಂಡೇ ಶುದ್ಧವಾಗುತ್ತದೆ. ಗೋಹತ್ಯೆ ಬೇಡ ಎನ್ನುವ ನಾಡಿಗೆ ಇದಕ್ಕಿಂತ ಒಪ್ಪುವ ದಾರಿ ಯಾವುದಿದೆ? ಆದರೆ ಎರಡು ಹಸು, ಒಂದು ಕೊಟ್ಟಿಗೆ, ಪಕ್ಕದಲ್ಲೇ ಅಡುಗೆಮನೆಯ ಗೋಡೆ ಇರುವವಳಿಗೆ ಬೇರೆ ಕೊಟ್ಟಿಗೆ ಎಲ್ಲಿಂದ ಬರಬೇಕು? ತೋಟದ ಲೈನ್ ಮನೆಯ ಹಿಂದೆ ಒಂದು ಹಸು ಕಟ್ಟಿಕೊಂಡವಳ ಮಾತಂತೂ ಬಿಡಿ. ಜಾಗ ಇರುವುದು ಸರ್ಕಾರದ ಹತ್ತಿರ, ಕೂಡಿಗೆಯಂಥ ಕಡೆ ಜಾನುವಾರು ಕೇಂದ್ರ ನಡೆಸುವ ಇಲಾಖೆಯ ಹತ್ತಿರ.

ಹಣವಿಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದೇ ರಾಜ್ಯ ಸರ್ಕಾರ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಪ್ರಕಟಿಸಿತು. ಆ ರೋಗ ಮೈಮೇಲೆಲ್ಲ ಗಂಟೆದ್ದು ಕಣ್ಣಿಗೆ ಕಾಣುವಂಥದ್ದು, ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬರುವಂಥದ್ದು. ಕ್ಷಯದ ಹಸು ಸದ್ದಿಲ್ಲದೆ ಬಡಕಲಾಗುತ್ತದೆ, ಸದ್ದಿಲ್ಲದೆ ಮಾರಾಟವಾಗುತ್ತದೆ. ಫೋಟೋ ಬಾರದ ರೋಗಕ್ಕೆ ಪರಿಹಾರವಿಲ್ಲ.

ಹಾಲು ಕಾಯಿಸುವವರನ್ನು ಹಾಲು ಕಾಯುತ್ತದೆ, ನಿಜ. ಹಾಲು ಕರೆಯುವವಳನ್ನು ಕಾಯುವುದು ಯಾವುದು? ಹಸುವಿನ ಕ್ಷಯ ಹೆಚ್ಚಾಗಿ ಶ್ವಾಸಕೋಶದ ಕಾಯಿಲೆ. ಅದು ಕೆಮ್ಮಿದರೆ ಗಾಳಿಯಲ್ಲಿ ಬರುತ್ತದೆ. ಕೊಡಗಿನ ಮಳೆಗಾಲದಲ್ಲಿ ಮೂರು ತಿಂಗಳು ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಹೊಗೆ ಹಾಕಿ, ಹಸುವಿನ ಹೊಟ್ಟೆಗೆ ತಲೆಯಾನಿಸಿ ಕೂತು ಕರೆಯುವವಳು ಯಾರು? ಸಗಣಿ ಬಾಚುವವಳು, ಕೆಮ್ಮುವ ಹಸುವಿಗೆ ಕಷಾಯ ಕುಡಿಸುವವಳು? ಅವಳಿಗೆ ಕೆಮ್ಮು ಬಂದರೆ ಆಸ್ಪತ್ರೆಯಲ್ಲಿ ಕಫ ನೋಡುತ್ತಾರೆ, ಕ್ಷಯ ಎನ್ನುತ್ತಾರೆ. ಯಾವ ಬಳಗದ ಕ್ಷಯ ಎಂದು ಆ ಸಾಮಾನ್ಯ ಪರೀಕ್ಷೆ ಹೇಳುವುದಿಲ್ಲ. ಬೋವಿಸ್ ಆಗಿದ್ದರೆ, ಮೊದಲ ತಿಂಗಳುಗಳಲ್ಲಿ ಕೊಡುವ ಪೈರಾಜಿನಮೈಡ್ ಗುಳಿಗೆಗೆ ಅದು ಹುಟ್ಟಿನಿಂದಲೇ ಜಗ್ಗುವುದಿಲ್ಲ. ಮನೆಯಲ್ಲಿ ಯಾರಿಗೆ ಕೆಮ್ಮಿತ್ತು ಎಂದು ಕೇಳುವ ಡಾಕ್ಟರರು ಕೊಟ್ಟಿಗೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದಾರೆಯೇ ಎಂದೂ ಒಂದು ಮಾತು ಕೇಳಿದರೆ ಅವರ ಗಂಟೇನು ಹೋಗುತ್ತದೆ? ಇತ್ತ, ಮನೆಯಾಕೆಗೆ ಕ್ಷಯವಾದರೆ ಅವಳಿಂದ ಹಸುವಿಗೂ ಅಂಟಬಹುದು ಎಂಬುದನ್ನು ಪಶುವೈದ್ಯರಿಗೆ ತಿಳಿಸುವ ಏರ್ಪಾಡೂ ಬೇಕು.

ಮುಂದೆ ಲಸಿಕೆ ಬರಬಹುದು ಎನ್ನುತ್ತಾರೆ. ನಮ್ಮ ನಮ್ಮ ಎಡತೋಳಿನ ಮೇಲಿರುವ ಬಿಸಿಜಿ ಕಲೆಯ ಮೂಲ ಹಸುವಿನ ಕ್ಷಯದ ರೋಗಾಣುವೇ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಹದಿಮೂರು ವರ್ಷ ಅದನ್ನು ಮತ್ತೆ ಮತ್ತೆ ಬೆಳೆಸಿ, ಹಲ್ಲು ಕಿತ್ತು, 1921ರಲ್ಲಿ ಮಗುವಿಗೆ ಕೊಟ್ಟರು. ಅದೇ ಬಿಸಿಜಿ ಕೊಟ್ಟ ಹಸುಗಳಿಂದ ಬೇರೆ ಹಸುಗಳಿಗೆ ರೋಗ ದಾಟುವುದು ಬಹಳ ಕಡಿಮೆಯಾಯಿತೆಂದು ಇಥಿಯೋಪಿಯಾದಲ್ಲಿ ಪ್ರಯೋಗ ಮಾಡಿದವರು 2024ರಲ್ಲಿ ತಿಳಿಸಿದ್ದಾರೆ. ಬರಲಿ, ಸಂತೋಷ. ಆದರೆ ಬಿಸಿಜಿ ಹಾಕಿದ ಹಸುವಿನ ಕುತ್ತಿಗೆಯೂ ಟ್ಯೂಬರ್‌ಕ್ಯುಲಿನ್‌ಗೆ ಊದುತ್ತದೆ. ಆಗ ಬೇರೆಯೇ ಪರೀಕ್ಷೆ ಬೇಕು. ಆಗಲೂ ಹೊಸದೊಂದು ಚೀಟಿ ಹಿಡಿದುಕೊಂಡು ಯಾರೋ ಬಾಗಿಲಿಗೆ ಬಂದೇ ಬರುತ್ತಾರೆ.

ಅಲ್ಲಿಯವರೆಗೆ ಹಸು ಕೊಳ್ಳುವವರು ಚೀಟಿ ಕೈಗೆ ಬಂದ ಕೂಡಲೇ ಪಂಚಾಂಗದಲ್ಲಿಡದೆ ಓದಬೇಕು. ಯಾವ ರೋಗದ ಪರೀಕ್ಷೆ? ರಕ್ತದ್ದೋ ಚರ್ಮದ್ದೋ? ಚರ್ಮದ್ದಾದರೆ ಯಾವ ದಿನ ಚುಚ್ಚಿದರು, ಮೂರನೆಯ ದಿನ ಬಂದು ಅಳೆದವರ ಸಹಿ ಎಲ್ಲಿ? ಹಾಲು ಕೊಳ್ಳುವವರು ಬಾಟಲಿಯ ಮೇಲೆ ಏನೇ ಬರೆದಿರಲಿ ಒಲೆ ಹಚ್ಚಬೇಕು. ದೇವಸ್ಥಾನದ ಪಂಚಾಮೃತಕ್ಕೆ ಹಸಿ ಹಾಲೇ ಆಗಬೇಕೆಂಬ ಮಡಿಯನ್ನೂ, ಕನಿಷ್ಠ ಮಕ್ಕಳ ಕೈಗೆ ತೀರ್ಥ ಕೊಡುವಾಗಲಾದರೂ, ಸಡಿಲಿಸಬಾರದೇ?

ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಜಿಲ್ಲೆಗಳ ಹಾಲಿನ ಸಂಘಗಳು ಹಾಸನದ ಒಂದೇ ಒಕ್ಕೂಟಕ್ಕೆ ಸೇರಿದವು. ಹಾಲು ಕರೆಯುವವಳು ಹೆಂಡತಿ, ಷೇರು ಗಂಡನ ಹೆಸರಿನಲ್ಲಿ. ಅದು ಬೇರೆಯೇ ಕಥೆ. ಆದರೂ ಹೆಂಗಸರೇ ನಡೆಸುವ ಸಂಘಗಳು ಈಗ ನಮ್ಮ ರಾಜ್ಯದಲ್ಲಿವೆ, ಬೇರೆ ಸಂಘಗಳಲ್ಲೂ ಹೆಂಗಸರು ಸದಸ್ಯರಾಗಿದ್ದಾರೆ. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮುಗಿಯುವುದರೊಳಗೆ ಮಹಾಸಭೆ ನಡೆಯುತ್ತದೆ. ಬೋನಸ್ಸು ಎಷ್ಟು, ಹಿಂಡಿಯ ದರ ಏಕೆ ಏರಿತು ಎಂಬ ಗಲಾಟೆಯಲ್ಲಿ ಸಭೆ ಮುಗಿದು ಕಾಫಿ ಉಪ್ಪಿಟ್ಟು ಬರುತ್ತದೆ. ಉಪ್ಪಿಟ್ಟು ಬರುವ ಮುಂಚೆ ಒಬ್ಬಳು ಎದ್ದು ನಿಂತು ಕೇಳಬೇಕಾದ್ದು ಮೂರು ಮಾತು. ನಮ್ಮ ಸಂಘದ ಹಸುಗಳಿಗೆ ಚರ್ಮದ ಪರೀಕ್ಷೆ ಯಾವಾಗ? ಸಿಕ್ಕಿಬಿದ್ದ ಹಸುವಿನ ಬೆಲೆ ಸಂಘ ಎಷ್ಟು ಕೊಡುತ್ತದೆ, ಒಕ್ಕೂಟ ಎಷ್ಟು, ಸರ್ಕಾರ ಎಷ್ಟು? ಆ ಹಸುವನ್ನು ಕಟ್ಟುವ ಕೊಟ್ಟಿಗೆ ಎಲ್ಲಿ? ಕಾರ್ಯದರ್ಶಿ ಇದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೆ ಅವಳು ಕೂರಬಾರದು.